ಹಗೇವಿನೊಳಗಿನ ನಿಚ್ಚಣಿಕೆ

ಧಾರವಾಡದ ಸೀಮೆಯಲ್ಲಿ, ಹಗೇವು ಇಲ್ಲದ ಒಕ್ಕಲುತನದ ಮನೆ ಅಪರೂಪವೆನಿಸಿದ್ದ ಕಾಲವೊಂದಿತ್ತು. ನೆಲವನ್ನು ಆಳವಾಗಿ ಅಗೆದು, ಒಳಮೈಗೆ ಹುಲ್ಲು ಹೊದಿಸಿ, ಜೋಳವನ್ನು ತುಂಬಿ, ಕಿರಿದಾದ ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣೆಳೆದುಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಬೇಕಾದ ದಿನ ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೊರಹೋಗುವ ತನಕ ಕಾದು, ಇಳಿಬಿಟ್ಟ ದೀಪ ಆರದೆ ಉರಿಯುವುದನ್ನು ಕಂಡ ಮೇಲೆಯೇ ಆಳು ಕೆಳಗಿಳಿಯಬೇಕು. ಇಳಿಯಲು ನಿಚ್ಚಣಿಕೆಯೋ ಹಗ್ಗವೋ ಬೇಕಷ್ಟೆ. ಆ ನಿಚ್ಚಣಿಕೆಯನ್ನು ಎಲ್ಲಿಡಬೇಕೆಂದು ಯಾರೂ ಯಾರನ್ನೂ ಕೇಳಿದವರಿಲ್ಲ. ಹಗೇವಿನ ಹೊರಗಿಡಬೇಕೆಂಬುದು ಮಗುವಿಗೂ ತಿಳಿದ ಮಾತು.

ಆದರೆ ಕಂಪ್ಯೂಟರುಗಳ ಲೋಕದಲ್ಲಿ, ಓದು ಬಲ್ಲ ಬುದ್ಧಿವಂತರೇ ನಿಚ್ಚಣಿಕೆಯನ್ನು ಹಗೇವಿನೊಳಗಿಟ್ಟು ಬಾಯಿ ಮುಚ್ಚಿ, ಮರುಗಳಿಗೆಯಲ್ಲಿ ಮೇಲೆ ನಿಂತು ತಲೆ ಕೆರೆದುಕೊಳ್ಳುವುದು ಇಂದಿಗೂ ಉಂಟು. ಅದು ಹೇಗೆಂದು ತಿಳಿಯಬೇಕಾದರೆ ವಾಚಕರು ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಲ್ಲಿ ಒಂದು ಮನೆಯನ್ನು ಮನಸ್ಸಿನಲ್ಲಿಯೇ ಕಟ್ಟಿಕೊಳ್ಳಬೇಕು.

ಆ ಸೀಮೆಯಲ್ಲಿ ಮೆಕ್ಕೆಜೋಳ, ಹತ್ತಿಗಳ ಜೊತೆಗೆ ಹೈಬ್ರಿಡ್ ಬೀಜದ ಬೆಳೆಯೂ ರೂಢಿಗೆ ಬಂದು ಬಹುಕಾಲವಾಯಿತು. ಟೊಮೆಟೊ, ಮೆಣಸಿನ ಗಿಡಗಳ ಹೂವಿಗೆ ಬೇರೆ ಗಿಡದ ಪರಾಗವನ್ನು ಕೈಯಿಂದಲೇ ಮುಟ್ಟಿಸುವ ಕ್ರಾಸಿಂಗ್ ಕೆಲಸ ಬಹಳ ನಾಜೂಕಿನದು. ಹೆಚ್ಚಾಗಿ ಹೆಣ್ಣುಮಕ್ಕಳ ಬೆರಳುಗಳೇ ಅದನ್ನು ನಡೆಸುತ್ತವೆ. ಈ ಮನೆಯ ಯಜಮಾನರು ತಮ್ಮ ಬೀಜದ ಪ್ಲಾಟಿನ ಲೆಕ್ಕವನ್ನೆಲ್ಲ ಒಂದು ಹಳೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದಾರೆ: ಯಾರು ಎಷ್ಟು ದಿನ ಬಂದರು, ಯಾರಿಗೆ ಎಷ್ಟು ಮುಂಗಡ ಸಂದಿದೆ, ಉಳಿದ ಪಗಾರ ಎಷ್ಟು. ಶನಿವಾರ ಬೆಳಿಗ್ಗೆ 14 ಮಂದಿ ಹೆಣ್ಣಾಳುಗಳ ಬಟವಾಡೆ ಆಗಬೇಕು.

ಶುಕ್ರವಾರ ರಾತ್ರಿ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತ ರಜೆಗೆಂದು ಬಂದಿದ್ದ ಮಗನಿಗೆ ಆ ಯಂತ್ರದ ಮೇಲೆ ಕನಿಕರ ಹುಟ್ಟಿತು. ಗುಂಡಿಯೊತ್ತಿದ ಮೇಲೆ ಅದು ಕಣ್ತೆರೆಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಅದರಲ್ಲಿದ್ದುದು ಲಿನಕ್ಸ್, ಅದರ ತಿರುಳನ್ನು ಬೇಕಾದವರು ತಮಗೆ ಬೇಕಾದಂತೆ ಹೊಸದಾಗಿ ಕಟ್ಟಿಕೊಳ್ಳಬಹುದು. ಹುಡುಗ ಹಾಗೆಯೇ ಮಾಡಿದ. ನಡುರಾತ್ರಿಯ ಹೊತ್ತಿಗೆ ಕೆಲಸ ಮುಗಿಯಿತು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಾಗ ತೆರೆಯ ಮೇಲೆ ಕೆಲವು ಸಾಲುಗಳು ಸರಸರನೆ ಓಡಿದುವು. ಆಮೇಲೆ ಒಂದು ಸಾಲಿನಲ್ಲಿ ಎಲ್ಲವೂ ನಿಂತುಹೋಯಿತು. ಕಡತಗಳಿರುವ ಮೂಲಸ್ಥಾನ ಸಿಕ್ಕಲಿಲ್ಲ, ಮುಂದೆ ಹೋಗಲಾರೆ ಎಂಬುದು ಆ ಸಾಲಿನ ತಾತ್ಪರ್ಯ. ಬಲ್ಲವರು ಇದನ್ನು ಕರ್ನೆಲ್ ಪ್ಯಾನಿಕ್ ಎನ್ನುತ್ತಾರೆ. ಹುಡುಗನಿಗೂ ಆ ಹೊತ್ತಿನಲ್ಲಿ ಅದೇ ಹಿಡಿದಿತ್ತೆಂದರೆ ತಪ್ಪಲ್ಲ.

ವೈ, ಎಂ, ಎನ್

ಕರ್ನೆಲ್ಲು ಎಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು. ಸ್ಮೃತಿಯನ್ನು ಹಂಚುವುದು, ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂದು ನಿರ್ಣಯಿಸುವುದು, ಕೀಲಿಮಣೆ, ತೆರೆ, ಡಿಸ್ಕು, ಮುದ್ರಣಯಂತ್ರಗಳೊಡನೆ ವ್ಯವಹರಿಸುವುದು ಎಲ್ಲವೂ ಅದರ ಹೊಣೆ. ಒಂದೊಂದು ಉಪಕರಣಕ್ಕೂ ಒಂದೊಂದು ಭಾಷೆ. ಕರ್ನೆಲ್ಲಿಗೂ ಆ ಉಪಕರಣಕ್ಕೂ ನಡುವೆ ನಿಂತು ಮಾತಾಡಿಸುವ ದುಭಾಷಿಯೇ ಡ್ರೈವರು.

ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಲೋಕದ ಮುಂದಿಟ್ಟಾಗ ಈ ದುಭಾಷಿಗಳೆಲ್ಲರೂ ಕರ್ನೆಲ್ಲಿನೊಳಗೇ ಮನೆಮಾಡಿದ್ದರು. ಹೊಸ ಉಪಕರಣವೊಂದು ಬಂದರೆ ಇಡೀ ಕರ್ನೆಲ್ಲನ್ನು ಮತ್ತೆ ಕಟ್ಟಬೇಕು. ಉಪಕರಣಗಳ ಬಗೆ ಹೆಚ್ಚಿದಂತೆ ಇದು ದುಸ್ತರವಾಯಿತು. 1995ರ ಮಾರ್ಚಿನಲ್ಲಿ 1.2ನೆಯ ಆವೃತ್ತಿ ಹೊರಬೀಳುವ ಹೊತ್ತಿಗೆ ಇನ್ನೊಂದು ಏರ್ಪಾಡು ಬಂದಿತ್ತು. ಡ್ರೈವರನ್ನು ಬೇರೆಯದೇ ಆದ ಒಂದು ಕಡತವಾಗಿ ಕಟ್ಟಿ ಡಿಸ್ಕಿನಲ್ಲಿರಿಸುವುದು, ಉಪಕರಣ ಕಂಡಾಗ ಮಾತ್ರ ಅದನ್ನು ತಂದು, ನಡೆಯುತ್ತಿರುವ ಕರ್ನೆಲ್ಲಿಗೇ ಜೋಡಿಸುವುದು, ಬೇಡವಾದಾಗ ತೆಗೆದುಬಿಡುವುದು. ಇಂಥ ಕಡತಕ್ಕೆ ಮಾಡ್ಯೂಲು ಎಂದು ಹೆಸರು.

ಕರ್ನೆಲ್ಲನ್ನು ಕಟ್ಟುವವನಿಗೆ ಸಾವಿರಾರು ಪ್ರಶ್ನೆಗಳು ಎದುರಾಗುತ್ತವೆ. ಬಹಳಷ್ಟು ಡ್ರೈವರುಗಳ ವಿಷಯದಲ್ಲಿ ಉತ್ತರ ಮೂರೇ ಬಗೆ. ವೈ ಎಂದರೆ ಡ್ರೈವರು ಕರ್ನೆಲ್ಲಿನೊಳಗೇ ಸೇರಿ ಅದರೊಡನೆಯೇ ಎದ್ದು ಬರುತ್ತದೆ. ಎಂ ಎಂದರೆ ಮಾಡ್ಯೂಲಾಗಿ ಹೊರಗಿದ್ದು ಕರೆದಾಗ ಬರುತ್ತದೆ. ಎನ್ ಎಂದರೆ ಅದು ಬೇಡವೇ ಬೇಡ. ಕೆಲವು ಅಂಶಗಳು ಹೊರಗಿರಲಾರವು. ಅವಕ್ಕೆ ಮೊದಲನೆಯ ಮತ್ತು ಕೊನೆಯ ಉತ್ತರಗಳು ಮಾತ್ರ ಉಂಟು.

ಕುಪ್ಪೇಲೂರಿನ ಹುಡುಗ ತೀರ ಲೋಭದಿಂದ ಲೆಕ್ಕ ಹಾಕಿದ. ಎಲ್ಲರೂ ಏಕೆ ಯಾವಾಗಲೂ ಮನೆಯಲ್ಲೇ ಕುಳಿತಿರಬೇಕು, ಬೇಕಾದಾಗ ಬರಲಿ ಎಂದು ಸಿಕ್ಕಸಿಕ್ಕ ಕಡೆಯಲ್ಲೆಲ್ಲ ಎಂ ಎಂದು ಉತ್ತರಿಸಿದ. ಡಿಸ್ಕನ್ನು ನಡೆಸುವ ಡ್ರೈವರಿಗೂ ಎಂ. ಡಿಸ್ಕಿನ ಮೇಲಿನ ಕಡತಗಳ ಜೋಡಣೆಯನ್ನು ಓದಬಲ್ಲ ಭಾಗಕ್ಕೂ ಎಂ. ಆ ಎರಡು ಮಾಡ್ಯೂಲುಗಳೂ ಹೋಗಿ ಕುಳಿತುದು ಅದೇ ಡಿಸ್ಕಿನಲ್ಲಿ. ಡಿಸ್ಕನ್ನು ತೆರೆಯಲು ಡ್ರೈವರು ಬೇಕು. ಡ್ರೈವರನ್ನು ತರಲು ಡಿಸ್ಕು ತೆರೆಯಬೇಕು.

ಇಲ್ಲಿ ಚಾಣಾಕ್ಷ ವಾಚಕರು ಒಂದು ಪ್ರಶ್ನೆಯನ್ನೆತ್ತಬಹುದು: ಕರ್ನೆಲ್ಲು ತಾನೂ ಆ ಡಿಸ್ಕಿನಿಂದಲೇ ಬಂದಿತಲ್ಲವೆ? ಬಂದುದು ನಿಜ. ಆದರೆ ಅದನ್ನು ಎತ್ತಿ ತಂದುದು ಬೂಟ್ ಲೋಡರು ಎಂಬ ಪುಟ್ಟ ಕೆಲಸಗಾರ. ಅವನು ತಾಯಿಹಲಗೆಯಲ್ಲಿ ಮೊದಲೇ ಅಡಕವಾಗಿರುವ ಮೂಲಸೂಚನೆಗಳ ಕೈಹಿಡಿದು ಡಿಸ್ಕನ್ನು ಓದುತ್ತಾನೆ. ಕರ್ನೆಲ್ಲನ್ನು ಸ್ಮೃತಿಯಲ್ಲಿ ತಂದಿಳಿಸಿದೊಡನೆ ಅವನ ಕೆಲಸ ತೀರಿತು. ಅಲ್ಲಿಂದ ಮುಂದೆ ಕರ್ನೆಲ್ಲು ಮನೆಯ ಯಜಮಾನಿಕೆಯನ್ನು ವಹಿಸಿಕೊಂಡು, ಡಿಸ್ಕನ್ನು ತನ್ನದೇ ಡ್ರೈವರಿನಿಂದ ಮಾತಾಡಿಸಲು ಹೋಗುತ್ತದೆ. ಆ ಡ್ರೈವರು ಕೈಯಲ್ಲಿಲ್ಲದಿದ್ದರೆ ಬಾಗಿಲಲ್ಲೇ ನಿಲ್ಲಬೇಕು.

ಅಜ್ಜಿಯ ಹಳೆಯ ಹಗ್ಗ

ನೀರು ಕುಡಿಯಲೆಂದು ಎದ್ದ ಅಜ್ಜಿ ಪಡಸಾಲೆಯಲ್ಲಿ ಬೆಳಕು ಕಂಡು ಅತ್ತ ಬಂದರು.

"ಯಾಕೋ ತಮ್ಮಾ, ಮಾರಿ ಸಣ್ಣದು ಮಾಡ್ಕೊಂಡು ಕುಂತೀ?"

"ಏನ್ ಹೇಳ್ಲಜ್ಜಿ. ಡಿಸ್ಕ್ ತೆಗಿಯೋ ಡ್ರೈವರು ಡಿಸ್ಕಿನಾಗs ಐತಿ. ಅಪ್ಪನ ಲೆಕ್ಕ ಎಲ್ಲಾ ಅದರಾಗs ಐತಿ."

"ಅಂದ್ರ ನಿಚ್ಚಣಿಕಿ ಹಗೇದಾಗಿಟ್ಟು ಬಾಯಿ ಮುಚ್ಚೀದಿ ಅನ್ನು. ನಿಮ್ಮಜ್ಜ ಇದ್ದಿದ್ರ ಬೈತಿದ್ರು. ಹಳೇ ಹಗ್ಗ ಎಲ್ಲೈತಿ, ಮೊದಲ ಅದನ್ನ ನೋಡು."

ಅಜ್ಜಿ ಕರ್ನೆಲ್ಲಿನ ಹೆಸರನ್ನೇ ಕೇಳಿದವರಲ್ಲ. ಆದರೂ ಅವರ ಮಾತಿನಲ್ಲಿ ಶಾಸ್ತ್ರವೆಲ್ಲ ಅಡಗಿತ್ತು. ಹುಡುಗನಿಗೆ ತಟ್ಟನೆ ನೆನಪಾಯಿತು. ಹೊಸ ಕರ್ನೆಲ್ಲನ್ನು ಸ್ಥಾಪಿಸುವಾಗ ಅವನು ಹಳೆಯದನ್ನು ಅಳಿಸಿರಲಿಲ್ಲ. ಯಂತ್ರವನ್ನು ಮತ್ತೆ ಹಚ್ಚಿ, ಬೂಟ್ ಲೋಡರಿನ ಪಟ್ಟಿಯಲ್ಲಿ ಹಳೆಯ ಹೆಸರನ್ನು ಆರಿಸಿದ. ಯಂತ್ರ ಎಂದಿನಂತೆ, ಎಂದಿನ ನಿಧಾನದಿಂದಲೇ ಎದ್ದಿತು. ಲೆಕ್ಕದ ಒಂದಂಕಿಯೂ ಅಳಿದಿರಲಿಲ್ಲ. ಹಗೇವಿನೊಳಗಿನ ಕಾಳು ಇದ್ದಂತೆಯೇ ಇತ್ತು, ಇಳಿಯುವ ದಾರಿ ಮಾತ್ರ ಮುಚ್ಚಿತ್ತು.

ಹೊಸ ಕರ್ನೆಲ್ಲು ಒಂದೆರಡು ಬಾರಿ ಸರಿಯಾಗಿ ಎದ್ದು ಕೆಲಸ ಮಾಡುವುದನ್ನು ಕಾಣುವ ತನಕ ಹಳೆಯದನ್ನೂ ಅದರ ಮಾಡ್ಯೂಲುಗಳನ್ನೂ ತೆಗೆಯಬಾರದು. ಮಾಡ್ಯೂಲುಗಳನ್ನೂ ಎಂದು ಒತ್ತಿ ಹೇಳಬೇಕಾದುದಕ್ಕೆ ಕಾರಣವಿದೆ. ಒಂದು ಆವೃತ್ತಿಗಾಗಿ ಕಟ್ಟಿದ ಮಾಡ್ಯೂಲು ಸಾಮಾನ್ಯವಾಗಿ ಇನ್ನೊಂದಕ್ಕೆ ಹೊಂದುವುದಿಲ್ಲ; ಆದುದರಿಂದಲೇ ಪ್ರತಿಯೊಂದು ಆವೃತ್ತಿಯ ಮಾಡ್ಯೂಲುಗಳಿಗೂ ಡಿಸ್ಕಿನಲ್ಲಿ ಅದರದೇ ಹೆಸರಿನ ಬೇರೆ ಕೋಣೆ ಇರುತ್ತದೆ.

ಬಾಯಿಯ ಬಳಿಯ ಗಂಟು

ಹಾಗಾದರೆ ಡಿಸ್ಕಿನ ಡ್ರೈವರು ಕರ್ನೆಲ್ಲಿನೊಳಗೇ ಇರಬೇಕೆಂಬ ನಿಯಮವಿದೆಯೆ? ಇಲ್ಲ. ಅಂಗಡಿಯಿಂದ ತಂದ ಹೊಸ ಕಂಪ್ಯೂಟರಿಗೆ ಉಬುಂಟು, ಡೆಬಿಯನ್, ಫೆಡೋರಾ ಮೊದಲಾದ ಸಿದ್ಧ ಲಿನಕ್ಸುಗಳನ್ನು ಹಾಕುವವರು ಈ ಚಿಂತೆಯನ್ನೇ ಮಾಡುವುದಿಲ್ಲ. ಅವುಗಳನ್ನು ತಯಾರಿಸುವವರಿಗೆ ತಮ್ಮ ಕರ್ನೆಲ್ಲು ನಾಳೆ ಯಾವ ಯಂತ್ರದಲ್ಲಿ ಕಣ್ತೆರೆಯುವುದೋ ತಿಳಿಯದು. ಎಲ್ಲ ಬಗೆಯ ಡಿಸ್ಕುಗಳ ಡ್ರೈವರುಗಳನ್ನೂ ಒಳಗೆ ತುಂಬಿದರೆ ಕರ್ನೆಲ್ಲು ಹೊರಲಾರದ ಹೊರೆಯಾಗುತ್ತದೆ. ಒಂದನ್ನು ಬಿಟ್ಟರೆ ಆ ಡಿಸ್ಕಿನವರ ಯಂತ್ರ ಏಳುವುದೇ ಇಲ್ಲ. ಆದುದರಿಂದ ಅವರು ಮಧ್ಯಮಮಾರ್ಗವನ್ನು ಹಿಡಿದರು. ಡಿಸ್ಕನ್ನು ತೆರೆಯಲು ಬೇಕಾಗಬಹುದಾದ ಮಾಡ್ಯೂಲುಗಳನ್ನೆಲ್ಲ ಒಂದು ಸಣ್ಣ ಗಂಟಿನಲ್ಲಿ ಕಟ್ಟಿ, ಕರ್ನೆಲ್ಲನ್ನು ತರುವ ಬೂಟ್ ಲೋಡರಿನ ಕೈಯಲ್ಲಿಯೇ ಅದನ್ನೂ ಕಳಿಸಿಕೊಡುತ್ತಾರೆ. ಕರ್ನೆಲ್ಲು ಸ್ಮೃತಿಯಲ್ಲಿ ಆ ಗಂಟನ್ನು ಬಿಚ್ಚಿ, ತಕ್ಕ ಡ್ರೈವರನ್ನು ಆರಿಸಿಕೊಂಡು, ಡಿಸ್ಕನ್ನು ತೆರೆಯುತ್ತದೆ. ಇನಿಟ್‌ರಾಮ್‌ಎಫ್‌ಎಸ್ ಎಂದು ಈ ಗಂಟಿಗೆ ಹೆಸರು. ಹೆಸರು ನಾಲಿಗೆಗೆ ತೊಡಕು, ಕೆಲಸ ಸರಳ: ಹಗೇವಿನ ಬಾಯಿಯ ಬಳಿ ಗೂಟಕ್ಕೆ ತೂಗುಹಾಕಿದ ಹಗ್ಗದಂತೆ.

ನಮ್ಮ ಕಥೆಯ ಹುಡುಗ ಮಾಡಿದ ಎರಡನೆಯ ತಪ್ಪು ಇದೇ. ವೇಗವನ್ನು ಹೆಚ್ಚಿಸುವ ಹುರುಪಿನಲ್ಲಿ ಈ ಗಂಟು ಏತಕ್ಕೆಂದು ಅದನ್ನು ಕೈಬಿಟ್ಟಿದ್ದ. ಡ್ರೈವರನ್ನು ಒಳಗಿಟ್ಟಿದ್ದರೆ ಗಂಟು ಬೇಡವಾಗುತ್ತಿತ್ತು. ಗಂಟನ್ನು ಕಟ್ಟಿದ್ದರೆ ಡ್ರೈವರು ಹೊರಗಿದ್ದರೂ ಸಾಗುತ್ತಿತ್ತು. ಎರಡನ್ನೂ ಬಿಟ್ಟವನಿಗೆ ದಾರಿಯಿಲ್ಲ.

ಅವನು ಮತ್ತೆ ಕುಳಿತು, ಡಿಸ್ಕಿನ ಡ್ರೈವರಿಗೂ ಕಡತಗಳ ಜೋಡಣೆಯನ್ನು ಓದುವ ಭಾಗಕ್ಕೂ ವೈ ಎಂದು ಉತ್ತರಿಸಿದ. ಉಳಿದ ಸಾವಿರಾರು ಪ್ರಶ್ನೆಗಳಿಗೆ ಒಂದು ಒಳದಾರಿ ಅವನಿಗೆ ಗೊತ್ತಿತ್ತು. 2009ರ ಡಿಸೆಂಬರಿನಲ್ಲಿ ಬಂದ 2.6.32ನೆಯ ಆವೃತ್ತಿಯಿಂದ ಲಿನಕ್ಸಿನಲ್ಲಿ ಲೋಕಲ್‌ಮಾಡ್‌ಕಾನ್ಫಿಗ್ ಎಂಬ ಸಾಧನವೊಂದಿದೆ. ಆ ಗಳಿಗೆಯಲ್ಲಿ ಯಂತ್ರದಲ್ಲಿ ಯಾವ ಯಾವ ಮಾಡ್ಯೂಲುಗಳು ಬಂದು ಕುಳಿತಿವೆಯೋ ಅವನ್ನಷ್ಟೇ ಉಳಿಸಿ, ಮಿಕ್ಕ ಮಾಡ್ಯೂಲುಗಳಿಗೆಲ್ಲ ಅದು ಬೇಡವೆಂದು ಬರೆಯುತ್ತದೆ. ಮುಂಜಾವಿನ ಹೊತ್ತಿಗೆ ಹೊಸ ಕರ್ನೆಲ್ಲು ಸಿದ್ಧವಾಯಿತು. ಈ ಬಾರಿ ಯಂತ್ರ ಚುರುಕಾಗಿ ಎದ್ದಿತು. ಹುಡುಗ ಹಿಗ್ಗಿದ.

ಬೆಳಿಗ್ಗೆ ಅಪ್ಪ ಬಂದು, ಬಟವಾಡೆಯ ಪಟ್ಟಿಯನ್ನು ಮುದ್ರಿಸಿ ತರಲು ರಾಣೆಬೆನ್ನೂರಿಗೆ ಹೋಗಬೇಕು, ಪೆನ್‌ಡ್ರೈವಿಗೆ ಹಾಕಿಕೊಡು ಎಂದರು. ಪೆನ್‌ಡ್ರೈವನ್ನು ಚುಚ್ಚಿದರೆ ಯಂತ್ರ ಅದನ್ನು ಗುರುತಿಸಲೇ ಇಲ್ಲ. ರಾತ್ರಿ ಪಟ್ಟಿ ಮಾಡುವಾಗ ಪೆನ್‌ಡ್ರೈವು ಅಪ್ಪನ ಅಂಗಿಯ ಜೇಬಿನಲ್ಲಿತ್ತು. ಯಂತ್ರದಲ್ಲಿ ಇಲ್ಲದುದರಿಂದ ಅದರ ಮಾಡ್ಯೂಲು ಬಂದಿರಲಿಲ್ಲ. ಬಂದಿರದುದರಿಂದ ಪಟ್ಟಿಯಿಂದಲೇ ಬಿದ್ದುಹೋಯಿತು. ಎಲೆ ಹಾಕುವ ಹೊತ್ತಿಗೆ ಹೊಲಕ್ಕೆ ಹೋದವನನ್ನು ಮನೆಯವನೇ ಅಲ್ಲವೆಂದು ಬಿಟ್ಟ ಹಾಗಾಯಿತು. ಈ ಸಾಧನವನ್ನು ಬಳಸುವವರು, ಆರು ತಿಂಗಳಿಗೊಮ್ಮೆ ಬೇಕಾಗುವ ಉಪಕರಣವನ್ನೂ ಮೊದಲು ಜೋಡಿಸಿ ಒಂದು ಸಲ ನಡೆಸಿ ನೋಡಿ ಆಮೇಲೆ ಪಟ್ಟಿ ಮಾಡಬೇಕೆಂಬುದು ಇದಕ್ಕಾಗಿಯೇ.

ಹುಡುಗ ಮತ್ತೊಮ್ಮೆ ಹಳೆಯ ಕರ್ನೆಲ್ಲಿನ ಮೊರೆಹೊಕ್ಕ. ಪಟ್ಟಿ ಪೆನ್‌ಡ್ರೈವಿಗೆ ಇಳಿಯಿತು, ಅಪ್ಪ ರಾಣೆಬೆನ್ನೂರಿಗೆ ಹೋಗಿ ಬಂದರು, ಹೆಣ್ಣಾಳುಗಳು ಊಟಕ್ಕೆ ಕೂಡುವ ಮೊದಲು ಬಟವಾಡೆ ಮುಗಿಯಿತು.

ಮನೆಯಳಿಯನ ಹಕ್ಕು

ಮಾಡ್ಯೂಲು ಹೊರಗಿನಿಂದ ಬಂದುದಾದುದರಿಂದ ನಿಧಾನವೆಂದೂ, ಕೆಟ್ಟರೂ ಕರ್ನೆಲ್ಲಿಗೆ ಅಪಾಯವಿಲ್ಲವೆಂದೂ ಹಲವರು ನಂಬಿದ್ದಾರೆ. ಎರಡೂ ನಿಜವಲ್ಲ. ಬಂದು ಸೇರುವ ಕ್ಷಣದಲ್ಲಿ ಸ್ವಲ್ಪ ಹೊತ್ತು ಹಿಡಿಯಬಹುದು. ಸೇರಿದ ಮೇಲೆ ಒಳಗೇ ಹುಟ್ಟಿದ ಡ್ರೈವರಿಗೂ ಅದಕ್ಕೂ ವೇಗದಲ್ಲಿ ಎದ್ದು ಕಾಣುವ ಅಂತರವಿಲ್ಲ. ಅದು ಮನೆಯಳಿಯನಿದ್ದಂತೆ, ಹೊಸಿಲು ದಾಟಿ ಒಳಗೆ ಬಂದಮೇಲೆ ಕಣಜದ ಮೇಲೆ ಮಗನಿಗಿರುವಷ್ಟೇ ಅಧಿಕಾರ ಅವನಿಗೂ ಉಂಟು. ಹಾಗೆಯೇ ಅವನು ಎಡವಿದರೆ ಮನೆಯೆಲ್ಲ ಬೀಳಬಹುದು.

ಈ ಮಾತಿನ ಮೇಲೆಯೇ 1992ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರ್ಯೂ ತಾನೆನ್‌ಬಾಮರಿಗೂ ತರುಣ ಟೋರ್ವಾಲ್ಡ್ಸರಿಗೂ ದೊಡ್ಡ ವಾಗ್ವಾದ ನಡೆಯಿತು. ತಿರುಳು ಅತಿ ಚಿಕ್ಕದಾಗಿದ್ದು ಡ್ರೈವರುಗಳೆಲ್ಲ ಅದರ ಹೊರಗೆ, ತಮ್ಮ ತಮ್ಮ ಗೋಡೆಗಳ ಹಿಂದೆ ಇರಬೇಕೆಂಬುದು ಪ್ರಾಧ್ಯಾಪಕರ ಪಕ್ಷ. ಎಲ್ಲರೂ ಒಂದೇ ಸೂರಿನಡಿ ಇದ್ದರೆ ಕೆಲಸ ಬೇಗ ಸಾಗುವುದೆಂಬುದು ಇನ್ನೊಂದು ಪಕ್ಷ. ಲಿನಕ್ಸ್ ಮುಂದೆ ಮಾಡ್ಯೂಲುಗಳನ್ನು ತಂದುಕೊಂಡರೂ ಸೂರು ಒಂದೇ ಆಗಿ ಉಳಿಯಿತು.

ಆದುದರಿಂದ ಬಾಗಿಲು ಕಾಯುವ ಕೆಲಸವೂ ಹುಟ್ಟಿಕೊಂಡಿತು. 2012ರ ಡಿಸೆಂಬರಿನಲ್ಲಿ ಬಂದ 3.7ನೆಯ ಆವೃತ್ತಿಯಿಂದ, ನಂಬಿಕಸ್ಥರ ಸಹಿಯಿಲ್ಲದ ಮಾಡ್ಯೂಲನ್ನು ಕರ್ನೆಲ್ಲು ಒಳಗೆ ಬಿಡದಂತೆ ಕಟ್ಟು ಮಾಡಬಹುದು. ಬೇಕಾದ ಮಾಡ್ಯೂಲುಗಳೆಲ್ಲ ಬಂದು ಸೇರಿದ ಮೇಲೆ ಬಾಗಿಲನ್ನೇ ಮುಚ್ಚಿಬಿಡುವ ಏರ್ಪಾಡೂ ಇದೆ. ಹಾಗೆ ಮುಚ್ಚಿದ ಬಾಗಿಲು ಯಂತ್ರವನ್ನು ಮತ್ತೆ ಹಚ್ಚುವ ತನಕ ತೆರೆಯುವುದಿಲ್ಲ.

ಮಾಡ್ಯೂಲಿನ ಸೌಕರ್ಯವನ್ನೂ ಅಲ್ಲಗಳೆಯಬಾರದು. ಡ್ರೈವರೊಂದು ಹಟ ಹಿಡಿದರೆ, ಅದು ಮಾಡ್ಯೂಲಾಗಿದ್ದಲ್ಲಿ ಸಾಮಾನ್ಯವಾಗಿ ಅದನ್ನು ಹೊರಹಾಕಿ ಬೇರೆ ಸೂಚನೆಗಳೊಡನೆ ಮತ್ತೆ ಕರೆಯಬಹುದು, ಯಂತ್ರವನ್ನು ಆರಿಸಬೇಕಿಲ್ಲ. ಒಳಗೇ ಕಟ್ಟಿದುದನ್ನು ಹಾಗೆ ಹೊರಹಾಕಲಾಗದು. ಎಷ್ಟೋ ವೈಫೈ ಉಪಕರಣಗಳು ಕೆಲಸ ಮಾಡಬೇಕಾದರೆ ತಯಾರಕರು ಕೊಟ್ಟ ಫರ್ಮ್‌ವೇರೆಂಬ ಇನ್ನೊಂದು ಕಡತವನ್ನು ಓದಬೇಕು. ಅಂಥ ಡ್ರೈವರನ್ನು ಒಳಗಿಟ್ಟರೆ ಅದು ಡಿಸ್ಕು ತೆರೆಯುವ ಮೊದಲೇ ಎದ್ದು, ಕಡತವನ್ನು ಕೇಳಿ, ಸಿಕ್ಕದೆ ಮುನಿಸಿಕೊಂಡು ಕೂಡಬಹುದು. ಬೇಗ ಎದ್ದವನೇ ಯಾವಾಗಲೂ ಜಾಣನಲ್ಲ.

ಅಂಗೈಯ ಯಂತ್ರ, ಅರಿಯದ ಯಂತ್ರ

ನಮ್ಮ ನಾಡಿನಲ್ಲಿಯೇ ಹುಟ್ಟಿದ ಒಂದು ಯಂತ್ರವನ್ನು ಇಲ್ಲಿ ನೆನೆಯುವುದು ಉಚಿತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್ಕೋರ್ ಎಂಬ ಸಂಸ್ಥೆಯ ಎಂಜಿನಿಯರುಗಳೂ ಸೇರಿ, ಜನಸಾಮಾನ್ಯರಿಗೆಂದು ಸಿಂಪ್ಯೂಟರ್ ಎಂಬ ಅಂಗೈಯಗಲದ ಕಂಪ್ಯೂಟರನ್ನು ರೂಪಿಸಿ 2001ರಲ್ಲಿ ಲೋಕಕ್ಕೆ ತೋರಿಸಿದರು. ಅದರಲ್ಲಿ ನಡೆಯುತ್ತಿದ್ದುದು ಲಿನಕ್ಸ್. ಸ್ಟ್ರಾಂಗ್ ಆರ್ಮ್ ಎಂಬ ಸಂಸ್ಕಾರಕ, ಮುಟ್ಟಿದರೆ ಅರಿಯುವ ತೆರೆ, ಸ್ಮಾರ್ಟ್ ಕಾರ್ಡನ್ನು ಓದುವ ಕಿಂಡಿ ಅದರಲ್ಲಿದ್ದುವು. ಭಾರತ್ ಎಲೆಕ್ಟ್ರಾನಿಕ್ಸಿನ ಸಹಯೋಗದಲ್ಲಿ ಅಮಿಡಾ ಎಂಬ ಹೆಸರಿನಿಂದ 2004ರಲ್ಲಿ ಅದು ಮಾರುಕಟ್ಟೆಗೂ ಬಂದಿತು. ಸಿಂಪ್ಯೂಟರ್ ಇಂದು ಇತಿಹಾಸಕ್ಕೆ ಸೇರಿದೆ. ಇಂಥ ಯಂತ್ರಗಳಲ್ಲಿ ಉಪಕರಣಗಳೆಲ್ಲ ಕಾರ್ಖಾನೆಯಲ್ಲಿಯೇ ನಿಶ್ಚಯವಾಗಿಬಿಡುವುದರಿಂದ ವೈ ಎಂದು ಉತ್ತರಿಸಲು ಕರ್ನೆಲ್ಲು ಕಟ್ಟುವವನು ಅಂಜಬೇಕಿಲ್ಲ. ಯಾವತ್ತೂ ಬಾರದ ಅತಿಥಿಗಾಗಿ ಇಕ್ಕಟ್ಟಾದ ಸ್ಮೃತಿಯಲ್ಲಿ ಕೋಣೆ ಕಾದಿರಿಸುವ ಅಗತ್ಯವೂ ಇಲ್ಲ. ಕಾರಿನ ಒಳಗಿನ ತೆರೆ, ಮನೆಯ ವೈಫೈ ಪೆಟ್ಟಿಗೆ ಮೊದಲಾದ ಎಷ್ಟೋ ಸಾಧನಗಳೊಳಗೆ ಲಿನಕ್ಸ್ ಇಂದೂ ನಡೆಯುತ್ತಿದೆ. ಅಲ್ಲಿಯೂ ಕಟ್ಟುವವನ ಲೆಕ್ಕ ಇದೇ.

ಯಾರ ಮನೆಗೆ ಹೋಗುವುದೋ ಅರಿಯದ ಸಿದ್ಧ ಲಿನಕ್ಸಿಗೆ ಮಾಡ್ಯೂಲುಗಳ ಭಂಡಾರವೂ ಬಾಯಿಯ ಬಳಿಯ ಗಂಟೂ ಬೇಕು. ಹೊಸ ಉಪಕರಣವನ್ನು ಚುಚ್ಚಿದೊಡನೆ ಅದರ ಗುರುತಿನ ಅಂಕಿಗಳನ್ನು ನೋಡಿ ತಕ್ಕ ಮಾಡ್ಯೂಲನ್ನು ಕರೆತರುವ ಏರ್ಪಾಡು ಅದರಲ್ಲಿ ಸದಾ ಎಚ್ಚರವಾಗಿರುತ್ತದೆ. ಕುಪ್ಪೇಲೂರಿನ ಮನೆಯ ಯಂತ್ರದಂಥವು ಈ ಎರಡರ ನಡುವಿನವು. ಡಿಸ್ಕನ್ನು ತೆರೆಯುವುದಕ್ಕೆ ಬೇಕಾದುದು ಒಳಗಿರಲಿ ಇಲ್ಲವೆ ಗಂಟಿನಲ್ಲಿರಲಿ. ಆಗೊಮ್ಮೆ ಈಗೊಮ್ಮೆ ಬೇಕಾಗುವುದು ಮಾಡ್ಯೂಲಾಗಿರಲಿ. ಎಂದೆಂದಿಗೂ ಬೇಡವೆಂದು ಖಚಿತವಾದುದಕ್ಕೆ ಮಾತ್ರ ಎನ್ ಎಂಬ ಉತ್ತರವಿರಲಿ. ಸಂಶಯವಿದ್ದರೆ ಎಂ ಎನ್ನುವುದೇ ಮೇಲು, ಡಿಸ್ಕಿನಲ್ಲಿ ಸ್ವಲ್ಪ ಜಾಗವನ್ನು ಬಿಟ್ಟರೆ ಅದರಿಂದ ಹೆಚ್ಚಿನ ನಷ್ಟವಿಲ್ಲ.

ಹುಡುಗ ಶನಿವಾರ ಸಂಜೆ ಮೂರನೆಯ ಸಲ ಕರ್ನೆಲ್ಲನ್ನು ಕಟ್ಟಿದ. ಅದಕ್ಕೆ ಮೊದಲು ಮನೆಯಲ್ಲಿದ್ದ ಪೆನ್‌ಡ್ರೈವು, ಅಕ್ಕನ ಮದುವೆಯ ಚಿತ್ರಗಳಿದ್ದ ಹೊರಡಿಸ್ಕು, ಮೂಲೆಯಲ್ಲಿ ಬಿದ್ದಿದ್ದ ಕ್ಯಾಮೆರಾ ಎಲ್ಲವನ್ನೂ ಒಂದೊಂದಾಗಿ ಚುಚ್ಚಿ ನೋಡಿದ. ಯಂತ್ರ ಚುರುಕಾಗಿಯೂ ಎದ್ದಿತು, ಎಲ್ಲರನ್ನೂ ಗುರುತಿಸಿತು. ಹಳೆಯ ಕರ್ನೆಲ್ಲನ್ನು ಇನ್ನು ತೆಗೆದುಬಿಡಲೇ ಎಂದುಕೊಂಡವನು ಅಜ್ಜಿಯತ್ತ ನೋಡಿದ. ಅವರು ಹಿತ್ತಿಲಿನ ಗೋಡೆಗೆ ಒರಗಿಸಿಟ್ಟಿದ್ದ ನಿಚ್ಚಣಿಕೆಯನ್ನು ಮಳೆ ಬಂದೀತೆಂದು ಸೂರಿನ ಕೆಳಗೆ ಸರಿಸುತ್ತಿದ್ದರು. ಆ ಮನೆಯ ಹಗೇವನ್ನು ಮುಚ್ಚಿ ಎಷ್ಟೋ ವರ್ಷಗಳಾಗಿದ್ದುವು.

ಹುಡುಗ ಹಳೆಯ ಕರ್ನೆಲ್ಲನ್ನು ಇದ್ದಲ್ಲಿಯೇ ಇರಗೊಟ್ಟ.